ಬಾಗಿಲಿಗೊಂದು ಲಗೇಜು ಟಿಕೇಟು

ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರಾಗಿದ್ದೆ. ಕಂಡಕ್ಟರು ಅನ್ನುವುದು ನಾನೇ ಇಟ್ಟುಕೊಂಡ ಬಿರುದು. ನಮ್ಮ ಡ್ರೈವರು ನನ್ನನ್ನು ಕೋಡಂಗಿ ಎಂದೇ ಕರೆಯುತ್ತಿದ್ದ. ಖಾಕಿ ಅಂಗಿಯೂ ಮೀಸೆಯೂ ನನಗೆ ಒಂದೇ ವರ್ಷ ಬಂದವು, ಎರಡೂ ಮೈಗೆ ಹೊಂದುತ್ತಿರಲಿಲ್ಲ. ಹೊಂದುತ್ತಿದ್ದದ್ದು ಬೇರೆಯವರ ದನಿ ಮಾತ್ರ. ಯಾರ ಮಾತು ಕಿವಿಗೆ ಬಿದ್ದರೂ ಸಂಜೆಯೊಳಗೆ ಅದು ನನ್ನ ಗಂಟಲಲ್ಲಿ ಬಂದು ಕೂತಿರುತ್ತಿತ್ತು. ಕೊರಟಗೆರೆಯಲ್ಲಿ ಸಂತೆಯ ಸೊಪ್ಪಿನವಳಾಗಿ, ಮಧುಗಿರಿಯಲ್ಲಿ ಕಚೇರಿ ಗುಮಾಸ್ತನಾಗಿ, ಪಾವಗಡ ಹತ್ತಿರವಾದಂತೆ ಅರ್ಧ ಕನ್ನಡ ಅರ್ಧ ತೆಲುಗಿನ ಯಜಮಾನನಾಗಿ ಕೂಗುತ್ತಾ ಟಿಕೇಟು ಹರಿಯುತ್ತಿದ್ದೆ. ಬೇರೆ ಬಸ್ಸು ಬಿಟ್ಟು ನಮ್ಮ ಬಸ್ಸಿಗೇ ಕಾಯುವವರಿದ್ದರು. ನನ್ನ ಕಾಟ ತಾಳದೆ ನಮ್ಮ ಬಸ್ಸು ಬಿಟ್ಟು ಬೇರೆ ಬಸ್ಸಿಗೆ ಕಾಯುವವರೂ ಇದ್ದರು.

ನಮ್ಮೂರು ಮಿಡಿಗೇಶಿಗೆ ಈಚೆ, ರಸ್ತೆಗೆ ಅಂಟಿಕೊಂಡ ಸಣ್ಣ ಹಳ್ಳಿ. ದಿನಾ ಮಧುಗಿರಿಗೆ ಹೋಗಿ ಬರುವವನು ನಾನೊಬ್ಬನೇ ಆದ್ದರಿಂದ ಊರಿನ ವಯಸ್ಸಾದವರ ಬಿಲ್ಲುಗಳೆಲ್ಲ ನನ್ನ ಚೀಲಕ್ಕೆ ಬೀಳತೊಡಗಿದವು. ಮನೆಗಂದಾಯ, ಆಗಷ್ಟೇ ಬಂದಿದ್ದ ಕರೆಂಟಿನ ಬಿಲ್ಲು, ನೀರಿನದ್ದು. ಸೀರೆಯ ಸೆರಗಿನಿಂದ, ಎಲೆಅಡಿಕೆ ಸಂಚಿಯಿಂದ ಗಂಟು ಬಿಚ್ಚಿ ಕೊಡುತ್ತಿದ್ದರು. ಹೊಸ ಪೈಸೆ ಬಂದು ಎಷ್ಟೋ ಕಾಲವಾಗಿದ್ದರೂ ಅವರ ಲೆಕ್ಕ ಇನ್ನೂ ಆಣೆಯಲ್ಲೇ ಓಡುತ್ತಿತ್ತು. ಕೆಲವರಿಗೆ ತಾವೇ ಹೋಗಿ ಕಟ್ಟಬೇಕೆಂಬ ಹಠ, ಆದರೆ ಕಿಟಕಿಯ ಹಿಂದಿನ ಗದರಿಕೆಗೆ ಹೆದರಿಕೆ. ಅಂಥವರಿಗೆ ನಾನು ಬಸ್ಸಿನಲ್ಲೇ ತಾಲೀಮು ಕೊಡುತ್ತಿದ್ದೆ. ಟಿಕೇಟಿನ ಪೆಟ್ಟಿಗೆಯನ್ನು ಮುಖದ ಮುಂದೆ ಹಿಡಿದು, ಅದನ್ನೇ ಕಿಟಕಿ ಮಾಡಿಕೊಂಡು, ಗುಮಾಸ್ತನಾಗುತ್ತಿದ್ದೆ.

“ಏನ್ರೀ, ಹಿಂದಿನ ರಸೀತಿ ಎಲ್ರೀ?”

“ಇಲ್ಲೈತೆ ಬುದ್ಧಿ.”

“ಬುದ್ಧಿಗಿದ್ಧಿ ಬ್ಯಾಡ ತಾತ. ‘ತಗೊಳ್ಳಿ ಸ್ವಾಮಿ’ ಅನ್ನು. ಗಟ್ಟಿಯಾಗಿ.”

“ತಗಳಿ ಸ್ವಾಮೀ!” ಎಂದು ಒಬ್ಬ ತಾತ ಅರಚಿದ ರಭಸಕ್ಕೆ ಡ್ರೈವರು ಬ್ರೇಕು ಹಾಕಿಬಿಟ್ಟಿದ್ದ.

ದೊಡ್ಡಜ್ಜಿ ಚಿಕ್ಕಜ್ಜಿಯರ ಬಾಗಿಲಿಗೆ ಜಪ್ತಿ ಬರುವವರೆಗೆ ನನಗೆ ಈ ಕೆಲಸ ಒಂದು ಆಟವೇ ಆಗಿತ್ತು.

ಇವರಿಬ್ಬರೂ ನಮ್ಮ ಎದುರು ಮನೆಯವರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ವಾರಗಿತ್ತಿಯರು. ಗಂಡಂದಿರಿಬ್ಬರೂ ತೀರಿಕೊಂಡಿದ್ದರು, ಇಬ್ಬರಿಗೂ ಮಕ್ಕಳಾಗಿರಲಿಲ್ಲ. ದೊಡ್ಡಜ್ಜಿ ಗುಡ್ಡದ ಬದಿಯಿಂದ ಮುತ್ತುಗದ ಎಲೆ ಕಿತ್ತು ತರುತ್ತಿದ್ದಳು. ಎರಡು ಕಣ್ಣಿಗೂ ಪೊರೆ ಬಂದಿದ್ದ ಚಿಕ್ಕಜ್ಜಿ ಅದನ್ನು ಬೆರಳಲ್ಲಿ ಸವರಿ ನೋಡಿ, ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದಳು. ಕೈಗೆ ಈ ಕೆಲಸ, ಬಾಯಿಗೆ ಜಗಳ. ಹಚ್ಚಿದ ಎಲೆಯ ಕಟ್ಟುಗಳನ್ನು ನಾನು ವಾರಕ್ಕೊಮ್ಮೆ ಮಧುಗಿರಿಯ ಒಂದು ಓಟ್ಲಿಗೆ ಹಾಕಿ, ದುಡ್ಡು ತಂದು ಕೊಡುತ್ತಿದ್ದೆ. ಕಂದಾಯ, ಉಪ್ಪು, ಸೀಮೆಎಣ್ಣೆ ಎಲ್ಲವೂ ಅದರಲ್ಲೇ ನಡೆಯುತ್ತಿತ್ತು.

ಒಂದು ದಿನ ಓಟ್ಲಿನ ಯಜಮಾನರು ಕಟ್ಟುಗಳನ್ನು ಬಿಚ್ಚಲೇ ಇಲ್ಲ. ಗಲ್ಲಾದ ಹಿಂದೆ ಫಳಫಳ ಹೊಳೆಯುವ ಸ್ಟೀಲು ತಟ್ಟೆಗಳ ಗೋಪುರ. “ಇನ್ ಮ್ಯಾಲೆ ಇವೇ ಕಣಯ್ಯ, ತೊಳೆದ್ರೆ ಆಯ್ತು,” ಅಂದರು. ಕಟ್ಟುಗಳನ್ನು ವಾಪಸು ಹೊತ್ತು ತಂದೆ. ಬೇಸರವಾಗದಿರಲೆಂದು ಯಜಮಾನರು ತಟ್ಟೆ ಒರೆಸುತ್ತಾ ತಮ್ಮ ಮುಖವನ್ನೇ ಅದರಲ್ಲಿ ನೋಡಿಕೊಂಡ ಚಂದವನ್ನು ಅಜ್ಜಿಯರ ಮುಂದೆ ಮಾಡಿ ತೋರಿಸಿದೆ. ಚಿಕ್ಕಜ್ಜಿ ಕೇಳಿಸಿಕೊಂಡೇ ನಕ್ಕಳು. ದೊಡ್ಡಜ್ಜಿ ನಗಲಿಲ್ಲ.

“ನಗ್ಸಿದ್ದು ಸಾಕು ಬುಡ್ಲಾ. ನಾಳೆಯಿಂದ ಏನ್ ತಿನ್ನಾನ ಅಂತ ಆ ತಟ್ಟೆ ಹೇಳ್ತಾ?”

ತಟ್ಟೆ ಹೇಳಲಿಲ್ಲ. ಆಮೇಲಿನ ಮೂರು ವರ್ಷ ಅವರು ಅಲ್ಲೊಂದು ಇಲ್ಲೊಂದು ತಿಥಿಗೆ, ದೇವರ ಕಾರ್ಯಕ್ಕೆ ಎಲೆ ಕೊಟ್ಟು ಹಿಟ್ಟು ಕಾಣುತ್ತಿದ್ದರು. ಕಂದಾಯ ಹಾಗೇ ನಿಂತಿತು. ಶಿವರಾತ್ರಿಯ ಹೊತ್ತಿಗೆ ಚೀಟಿ ಬಂತು. ಓದಿದವನು ನಾನೇ. ಬಾಕಿ, ದಂಡ ಎಲ್ಲ ಸೇರಿಸಿ ಪೂರ್ತಿ ಕಟ್ಟದಿದ್ದರೆ ಮುಂದಿನ ಬುಧವಾರ ಅಮೀನ ಬಂದು ಜಪ್ತಿ ಮಾಡುತ್ತಾನೆ. ಅಮೀನ ಅಂದರೆ ಕಚೇರಿಯ ಕಡೆಯಿಂದ ಬಾಕಿ ವಸೂಲಿಗೆ ಬರುವವನು. ದನ ಇದ್ದರೆ ದನ, ಹಂಡೆ ಇದ್ದರೆ ಹಂಡೆ ಎತ್ತಿಕೊಂಡು ಹೋಗುತ್ತಿದ್ದ. ಇವರ ಮನೆಯಲ್ಲಿ ಎರಡೂ ಇರಲಿಲ್ಲ. ಬೆಲೆ ಬಾಳುವುದು ಒಂದೇ ಒಂದಿತ್ತು: ಹೊನ್ನೆ ಮರದ ಜೋಡಿ ಬಾಗಿಲು. ಅಂಥ ಮನೆಗಳಲ್ಲಿ ಅಮೀನರು ಬಾಗಿಲನ್ನೇ ಕಳಚಿ ಒಯ್ಯುತ್ತಿದ್ದರು.

“ಒಯ್ಲಿ ಬುಡು. ನಾಯಿ ಬಂದ್ರೆ ಓಡುಸ್ತೀನಿ,” ಅಂದಳು ದೊಡ್ಡಜ್ಜಿ, ದನಿ ಮಾತ್ರ ಎಲ್ಲೋ ಇತ್ತು.

“ಕುಡ್ದು ಬಂದೋನು ನುಗ್ಗುದ್ರೆ?” ಚಿಕ್ಕಜ್ಜಿ ಎಲೆಯಿಂದ ಕೈ ತೆಗೆದಳು. “ನಿಂಗೇನಕ್ಕ, ಕಣ್ಣೈತೆ. ನಂಗೆ ಆ ಅಗಳಿ ಸದ್ದೇ ಕಣ್ಣು. ಅಗಳಿ ಬಿದ್ರೆ ಒಳಗಿದೀವಿ, ತೆಗೆದ್ರೆ ಯಾರೋ ಬಂದ್ರು. ಅದೂ ಇಲ್ದೆ ಇದ್ರೆ ನಾನು ಬೀದೀಲಿ ಕುಂತಂಗೆ.”

ಆ ದಿನದಿಂದ ಚಿಕ್ಕಜ್ಜಿ ಬಾಗಿಲಿನ ಪಕ್ಕ ಕೂತು ಅಗಳಿಯ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದಳು. ದೊಡ್ಡಜ್ಜಿ ಅದನ್ನು ನೋಡಲಾಗದೆ ಇನ್ನಷ್ಟು ಬೈಯುತ್ತಿದ್ದಳು. ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: “ಬಾಗ್ಲು ಹೋಗೋ ಇಚಾರ ಊರಲ್ಲಿ ಯಾರ್‍ಗಾನ ಊದುದ್ರೆ ನಿನ್ ನಾಲ್ಗೆ ಸೀಳ್ಬುಡ್ತೀನಿ. ನಮ್ಮತ್ತೆ ಮನೆ ಮಾನ ಅದು.” ಊರಿನಲ್ಲೇ ಅತ್ಯಂತ ಸಡಿಲ ಬಾಯಿಯವನಿಗೆ ಇಂಥ ಗುಟ್ಟು! ಕೋತಿ ಕೈಗೆ ತಮಟೆ ಕೊಟ್ಟು ಬಡೀಬೇಡ ಅಂದ ಹಾಗಾಯಿತು ನನ್ನ ಪಾಡು.

ಬಸ್ಸಿನ ಓನರ ಹತ್ತಿರ ಸಂಬಳದ ಮುಂಗಡ ಕೇಳಿದೆ. ಯಾವ ದನಿಯಲ್ಲಿ ಕೇಳಿದರೂ ಅರ್ಧ ತಿಂಗಳಿನದ್ದಕ್ಕಿಂತ ಮೇಲೆ ಏರಲಿಲ್ಲ. ಅದನ್ನು ಹಿಡಿದು ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರನ್ನು ನಗಿಸಿ ಮೆತ್ತಗೆ ಮಾಡೋಣವೆಂದು ಅವರ ಮೇಲಧಿಕಾರಿ ಮೂಗಿಗೆ ನಸ್ಯ ಏರಿಸುವುದನ್ನು ಮಾಡಿದೆ. ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು, ಕಣ್ಣು ಒರೆಸಿಕೊಂಡರು, ಆಮೇಲೆ ನನ್ನ ನೋಟುಗಳನ್ನು ಹಿಂದಕ್ಕೆ ತಳ್ಳಿದರು.

“ಭೇಷಾಗಿ ಮಾಡ್ತೀಯ ಕಣಯ್ಯ. ಆದ್ರೆ ಚೀಟಿ ಹೊರಟ ಮೇಲೆ ಅರ್ಧಂಬರ್ಧ ತಗೊಳ್ಳೋ ಹಾಗಿಲ್ಲ. ಪೂರ್ತಿ ತಾ.”

ಪೂರ್ತಿಗೆ ನನ್ನ ಹತ್ತಿರ ಇದ್ದದ್ದು ಅರೆಪಾಲೂ ಅಲ್ಲ. ಆ ಸಂಜೆ ಅಜ್ಜಿಯರ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಜಗಳ ನಡೆದಿತ್ತು.

“ಊರೋರ ಮದ್ವೆಗೆಲ್ಲ ನೀನು ಎಲ್ರಿಗಿಂತ ಮುಂಚೆ ಹೋಗಿ ಮುಯ್ಯಿ ಇಟ್ ಬಂದೆ,” ಅನ್ನುತ್ತಿದ್ದಳು ಚಿಕ್ಕಜ್ಜಿ. “ನಿಂಗೆ ಒಬ್ರಾನ ತಿರುಗಿ ತೀರುಸುದ್ರಾ?”

“ನಮ್ಮನೇಲಿ ಮದ್ವೆ ಆದ್ರೆ ತಾನೆ ತೀರ್ಸೋದು? ಯಾರಿಗ್ ಮಾಡ್ಲಿ ಮದ್ವೆ? ನಿಂಗೇ ತಿರ್ಗಾ ಮಾಡ್ಲಾ?”

“ಮಾಡು. ಗಂಡು ನೋಡಾಕೆ ನಂಗೆ ಕಣ್ಣಿಲ್ಲ, ನೀನೇ ನೋಡು.”

ನಾನು ಜಗಲಿಯಿಂದ ಜಿಗಿದೆ. ಮುಯ್ಯಿ! ಒಬ್ಬರ ಮನೆಯ ಮದುವೆಗೆ ನಾವು ಏನಾದರೂ ಉಡುಗೊರೆ ಇಟ್ಟು ಬಂದರೆ, ನಮ್ಮ ಮನೆಯ ಮದುವೆಗೆ ಅವರು ತಂದು ತೀರಿಸಲೇಬೇಕು. ತೀರಿಸದವನು ನಮ್ಮ ಕಡೆ ತಲೆ ಎತ್ತಿ ಓಡಾಡುವಂತಿಲ್ಲ. ದೊಡ್ಡಜ್ಜಿಯ ಒಂದು ಆಯಸ್ಸಿನ ಮುಯ್ಯಿ ಕೊರಟಗೆರೆಯಿಂದ ಪಾವಗಡದವರೆಗೆ ಹರಡಿ ಕೂತಿತ್ತು. ಬೇಕಾದದ್ದು ಒಂದು ಮದುವೆ. ಹಿತ್ತಲಿನ ಬಾವಿಯ ಹತ್ತಿರ, ಅಣ್ಣತಮ್ಮಂದಿರು ಒಂದೇ ಗುಣಿಯಲ್ಲಿ ನೆಟ್ಟಿದ್ದ ಅರಳಿ ಬೇವು ಜೊತೆಯಾಗಿ ಬೆಳೆದಿದ್ದವು. ಮಕ್ಕಳಿಲ್ಲದವರು ಅಂಥ ಜೋಡಿ ಬೆಳೆಸಿ ಮದುವೆ ಮಾಡಿಸುವುದು ನಮ್ಮಲ್ಲಿ ಉಂಟು. ಇವರು ನೆಟ್ಟರು, ಮಾಡಿಸಲು ಕೈಲಾಗಿರಲಿಲ್ಲ.

ಇಬ್ಬರಿಗೂ ಮರಗಳ ಮದುವೆಯ ಉಪಾಯ ಹೇಳಿದೆ. ದೊಡ್ಡಜ್ಜಿ ಬಾಗಿಲನ್ನೇ ನೋಡಿದಳು.

“ಬತ್ತಾರಾ?” ಅಂದಳು.

“ಬರ್ದೆ ಏನ್ ಮಾಡ್ತಾರಜ್ಜಿ? ನಿನ್ ಮುಯ್ಯಿ ತಿಂದು ಅರಗಿಸ್ಕೊಂಡವ್ರೆ.”

ಬುಧವಾರಕ್ಕೆ ಮುಂಚೆ ಆಗಬೇಕು. ಸೋಮವಾರ ಎಂದು ಗೊತ್ತು ಮಾಡಿದೆವು. ಪಂಚಾಂಗ ನೋಡುವ ಪುರುಸೊತ್ತು ಮರಗಳಿಗೂ ಇರಲಿಲ್ಲ. ಬಸ್ಸು ನಿಂತ ನಿಂತ ಕಡೆ ಕೂಗಿದೆ. ಕೊಡಿಗೇನಹಳ್ಳಿ ಕಡೆಯವರಿಗೆ ಅವರ ರಾಗದಲ್ಲಿ, ಪಾವಗಡದಲ್ಲಿ “ಅಂದರೂ ಪೆಂಡ್ಲಿಕಿ ರಾವಾಲ, ಮುಯ್ಯಿ ಮರ್ಚಿಪೋವದ್ದು!” ಎಂದು, ಎಲ್ಲರೂ ಮದುವೆಗೆ ಬರಬೇಕು, ಮುಯ್ಯಿ ಮರೆಯಬೇಡಿ ಅಂತ. ಶಿರಾದ ಕಲಾಯಿ ಸಾಬರು ಹಳ್ಳಿಹಳ್ಳಿಗೆ ತಿದಿ ಹೊತ್ತು ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು, ನಮ್ಮ ಬಸ್ಸಿನ ಖಾಯಂ ಗಿರಾಕಿ. ಅವರು, “ಅರೆ ಬೇಟಾ, ನಮ್ಮ ಮಗಳ ನಿಕಾಹಕ್ಕೆ ಆ ಅಜ್ಜಿ ತಾಮ್ರದ ಚೊಂಬು ತಂದಿದ್ರು. ನಾನು ಬರ್ದೆ ಇದ್ರೆ ಹೆಂಗೆ?” ಅಂದರು. ಆ ಒಂದು ಮಾತಿಗೆ ನನ್ನ ಎದೆ ಬಸ್ಸಿಗಿಂತ ಮುಂದೆ ಓಡಿತು. ಮನಸ್ಸಿನಲ್ಲೇ ಬಾಕಿ ಕಟ್ಟಿ, ರಸೀತಿ ಹರಿಸಿಕೊಂಡು, ಮಿಕ್ಕಿದ್ದರಲ್ಲಿ ಚಿಕ್ಕಜ್ಜಿಯ ಕಣ್ಣಿಗೆ ಆಪರೇಷನ್ನನ್ನೂ ಮಾಡಿಸಿಬಿಟ್ಟೆ.

ರಾಗಿ ನಮ್ಮಮ್ಮ ಕೊಟ್ಟಳು. ಹುರುಳಿ, ಬೆಲ್ಲ ನನ್ನ ಮಾತಿನ ಮೇಲೆ ಅಂಗಡಿಯಿಂದ ಬಂತು. ನನ್ನ ಮಾತನ್ನು ನಂಬಿ ಬೆಲ್ಲ ಕೊಟ್ಟ ಅಂಗಡಿಯವನು ಲೋಕದಲ್ಲಿ ಅವನೊಬ್ಬನೇ.

ಸೋಮವಾರ ಅರಳಿಮರಕ್ಕೆ ಪಂಚೆ, ಬೇವಿಗೆ ಸೀರೆ ಸುತ್ತಿದೆವು. ಗಂಡಿನ ಕಡೆಗೆ ದೊಡ್ಡಜ್ಜಿ, ಹೆಣ್ಣಿನ ಕಡೆಗೆ ಚಿಕ್ಕಜ್ಜಿ. ಧಾರೆಗೆ ನಮ್ಮಪ್ಪ ಅಮ್ಮ. ಆಯಸ್ಸೆಲ್ಲ ವಾರಗಿತ್ತಿಯರಾಗಿ ಜಗಳ ಆಡಿದವರು ಬೀಗಿತ್ತಿಯರಾದ ಮೇಲೆ ಬಿಡುತ್ತಾರೆಯೇ?

“ಗಂಡಿನೋರು ಬಂದು ನಿಂತವ್ರೆ, ಕಾಲಿಗೆ ನೀರ್ ಕೊಡೋ ಮರ್ಯಾದೆ ಇಲ್ವಾ ಈ ಹೆಣ್ಣಿನೋರಿಗೆ?”

“ನಿನ್ ಗಂಡು ಮೊದ್ಲು ಕಾಲು ಎಲ್ಲೈತೆ ಅಂತ ತೋರುಸ್ಲಿ ಬೀಗಿತ್ತಿ, ಆಮ್ಯಾಕೆ ನೀರು.”

ಜನ ಬಿದ್ದು ಬಿದ್ದು ನಕ್ಕರು. ಜನ! ಹಿತ್ತಲು ತುಂಬಿ ಬೀದಿಗೆ ಚೆಲ್ಲಿತ್ತು. ದೊಡ್ಡಜ್ಜಿ ಒಬ್ಬೊಬ್ಬರನ್ನೂ ನೋಡುತ್ತಿದ್ದಳು, ಬಂದರಲ್ಲ ಎನ್ನುವಂತೆ. ಧಾರೆ ಮುಗಿದು ಮುಯ್ಯಿ ಕೂಗುವ ಹೊತ್ತಾಯಿತು. ಯಾರು ಏನು ಇಟ್ಟರು ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವುದು ಪದ್ಧತಿ. ಊರಿನ ಅತಿ ದೊಡ್ಡ ಗಂಟಲು ನನ್ನದೇ ಆದ್ದರಿಂದ ಚಾಪೆಯ ಪಕ್ಕ ನಿಂತೆ.

“ಕೊಡಿಗೇನಹಳ್ಳಿ ಅಂಗಡಿ ಮನೆಯೋರೂ... ತೆಂಗಿನಕಾಯಿ ಒಂದು ಜೊತೇ, ಊಟದ ಎಲೆ ಒಂದು ಕಟ್ಟೂ!”

ಯಾರೋ ನಕ್ಕರು. ಎಲೆ ಹಚ್ಚುವವಳ ಮನೆಗೆ ಎಲೆ! ನಾನೂ ನಕ್ಕೆ.

“ಮಿಡಿಗೇಶಿ ಮೇಲಿನ ಮನೆಯೋರೂ... ರವಿಕೆ ಕಣ ಒಂದು, ಊಟದ ಎಲೆ ಎರಡು ಕಟ್ಟೂ!”

ಆಮೇಲೆ ಕೊರಟಗೆರೆಯವರು. ಊಟದ ಎಲೆ. ಪಾವಗಡದ ಯಜಮಾನರು. ಊಟದ ಎಲೆ, ಮೇಲೊಂದು ಕಾಯಿ. ನಾಲ್ಕನೆಯದೋ ಐದನೆಯದೋ ಕೂಗುವಾಗ ನನ್ನ ನಗು ನಿಂತಿತು. ದೊಡ್ಡಜ್ಜಿಯ ಕೈಯಲ್ಲಿ ಯಾವ ಕಾಲಕ್ಕೆ ದುಡ್ಡು ಓಡಾಡಿತ್ತು? ಸಾಬರ ಮಗಳಿಗೆ ಆ ಒಂದು ಚೊಂಬು ಬಿಟ್ಟರೆ ಅವಳು ಮದುವೆಮದುವೆಗೂ ತಲೆ ಮೇಲೆ ಹೊತ್ತೊಯ್ದದ್ದು ತಾನು ಹಚ್ಚಿದ, ತನ್ನ ವಾರಗಿತ್ತಿ ಹಚ್ಚಿದ ಎಲೆ. ಅದೇ ಮಣ್ಣಿನಲ್ಲಿ ಹುಟ್ಟಿದ ನನಗೆ ಇದು ಹೊಳೆಯಲೇ ಇಲ್ಲ. ಏನು ಇಟ್ಟರೋ ಅದನ್ನೇ, ಒಂದಿಷ್ಟು ಮೇಲೆ ಹಾಕಿ ತಿರುಗಿಸುವುದು ಮುಯ್ಯಿ. ಎಷ್ಟೋ ಜನ ಸ್ವತಃ ಕೂತು, ಬಾರದ ಕೈಯಲ್ಲಿ ಕಡ್ಡಿ ಚುಚ್ಚಿ ಎಲೆ ಹಚ್ಚಿ ತಂದಿದ್ದರು.

ಪಾವಗಡದ ಯಜಮಾನರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ: “ದುಡ್ಡು ಇಟ್ರೆ ಆಗ್ತಿರ್‍ಲಿಲ್ವಾ ಮಾವ?”

ಅವರ ಮುಖ ಕೆಂಪಾಯಿತು. “ಎಲೆಗೆ ದುಡ್ಡು ಕೊಡಾಕೆ ನಾವೇನು ಓಟ್ಲಿಗೆ ಬಂದಿದ್ದೀವೇನ್ಲಾ? ನಮ್ಮ ಪಾಪ ಪೆಂಡ್ಲಿಗೆ ಆಯಮ್ಮ ಎಲೆ ಹೊತ್ಕೊಂಡು ಬಂದ್ಲು. ಈಗ ದುಡ್ಡು ಎಣ್ಸಿ ಕೊಟ್ರೆ ಕೂಲಿ ಕೊಟ್ಟಂಗಾಗಲ್ವಾ? ಆಯಮ್ಮನ ಮಕ ಹೆಂಗೆ ನೋಡ್ಲಿ ನಾನು?”

ಜಪ್ತಿಯ ಮಾತು ನನ್ನ ಹಲ್ಲಿನವರೆಗೆ ಬಂತು. ಚಾಪೆಯ ಆಚೆಯಿಂದ ದೊಡ್ಡಜ್ಜಿ ನನ್ನನ್ನೇ ನೋಡುತ್ತಿದ್ದಳು. ಒಂದೇ ಒಂದು ಸಲ ತಲೆಯಾಡಿಸಿದಳು, ಬೇಡ ಎಂದು. ನಾನು ಮತ್ತೆ ಹೋಗಿ ನಿಂತು ಕೂಗಿದೆ. ಊಟದ ಎಲೆ, ಊಟದ ಎಲೆ. ಚಾಪೆ ಮುಚ್ಚಿತು, ಕಟ್ಟುಗಳು ನನ್ನ ಸೊಂಟ ದಾಟಿದವು. ಕೊನೆಗೆ ಸಾಬರು ತಾಮ್ರದ ಚೊಂಬು ಇಟ್ಟರು. ಒಳಗೆ ಹೊಸ ಕಲಾಯಿ, ಬೆಳ್ಳಿಯ ಹಾಗೆ.

ಊಟಕ್ಕೆ ಕೂತವರ ಸಾಲಿನ ತುದಿಯಲ್ಲಿ ಒಬ್ಬ ಬಡಕಲು ಮನುಷ್ಯ ಕೊಡೆ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಮೀನ. ಅವನ ಮಗಳ ಮದುವೆಗೂ ದೊಡ್ಡಜ್ಜಿಯ ಎಲೆ ಹೋಗಿತ್ತು. ಅವನೂ ಕಟ್ಟು ತಂದಿದ್ದ, ತೀರಿಸದೆ ಬಿಟ್ಟವನಲ್ಲ. ದೊಡ್ಡಜ್ಜಿ ಪಾಯಸದ ಪಾತ್ರೆ ಹಿಡಿದು ಅವನ ಮುಂದೆ ಬಗ್ಗಿದಳು.

“ಇನ್ನೊಸಿ ಹಾಕುಸ್ಕಳಪ್ಪ.”

“ಸಾಕು ಕಣಜ್ಜಿ.”

“ಬುಧ್ವಾರ ಬತ್ತೀಯಲ್ಲ, ಬೆಳಿಗ್ಗೆ ಬತ್ತೀಯೋ, ಬಿಸ್ಲು ಇಳುದ್ ಮ್ಯಾಕೋ? ನಾವು ಉಂಡು ರೆಡಿ ಇರ್ಬೇಕಲ್ಲ.”

ಅವನ ಕೈ ಎಲೆಯ ಮೇಲೇ ನಿಂತಿತು. ಅವಳನ್ನು ನೋಡದೆ, “ಬೆಳಿಗ್ಗೆ ಬಸ್ಸಿಗೇ ಕಣಜ್ಜಿ,” ಅಂದ. ಆ ಬಸ್ಸು ನನ್ನದೇ.

ಎಲ್ಲರೂ ಹೋದ ಮೇಲೆ ಚೊಂಬನ್ನಾದರೂ ಮಾರೋಣ ಎಂದು ಕಾಲು ಹಿಡಿದೆ. ದೊಡ್ಡಜ್ಜಿ ಅದನ್ನು ಎದೆಗೆ ಒತ್ತಿಕೊಂಡಳು. “ಮುಯ್ಯಿ ಮಾರ್ಕೊಂಡು ತಿಂದೋಳು ಅನ್ನುಸ್ಕೊಳ್ಳಾದ್ಕಿಂತ ಬಾಗ್ಲಿಲ್ದೋಳು ಅನ್ನುಸ್ಕೊಳ್ಳಾದು ವಾಸಿ ಬುಡು.” ಮಾರಿದರೂ ಬಾಕಿಯ ಒಂದು ಮೂಲೆಯೂ ತುಂಬುತ್ತಿರಲಿಲ್ಲ. ಒಳಗೆ ಚಿಕ್ಕಜ್ಜಿ ಎಲೆಯ ಕಟ್ಟುಗಳನ್ನು ಒಂದೊಂದಾಗಿ ಸವರುತ್ತಿದ್ದಳು.

“ಥೂ, ಏನ್ ಹಚ್ಚವ್ರೆ ನೋಡು, ಸಾರು ಹಾಕುದ್ರೆ ತೊಡೆ ಮ್ಯಾಲೆ ಬರ್‍ತೈತೆ,” ಅಂದಳು. ಅನ್ನುತ್ತಾ ಅನ್ನುತ್ತಾ ಅತ್ತುಬಿಟ್ಟಳು. ದೊಡ್ಡಜ್ಜಿ ಹೋಗಿ ಪಕ್ಕದಲ್ಲಿ ಕೂತಳು. ಬೈಯಲಿಲ್ಲ. ಅವಳು ಬೈಯದೆ ಕೂತದ್ದು ಕಂಡು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಬುಧವಾರ, ಊರವರೆಲ್ಲ ಕೂಲಿಗೆ ಹೋಗಿದ್ದ ಹೊತ್ತಿಗೆ, ಅಮೀನ ಇಬ್ಬರು ಆಳುಗಳೊಂದಿಗೆ ಇಳಿದ. ಚೀಲವನ್ನು ಡ್ರೈವರಿಗೆ ಒಪ್ಪಿಸಿ ನಾನೂ ಇಳಿದೆ. ಕೊನೆಯ ಮಾತು ಎಂಬಂತೆ ಬಾಕಿ ಕೇಳಿದ, ನನ್ನ ಮುಂಗಡದ ನೋಟುಗಳನ್ನು ಚಾಚಿದೆ, ತಲೆಯಾಡಿಸಿದ. ಆಳುಗಳಿಗೆ ಬಾಗಿಲು ಕಳಚಲು ಬರಲಿಲ್ಲ. ಹಲಗೆ ತಿರುಗುವ ತಿರುಗುಣಿ ಬಿಗಿದಿತ್ತು, ಹಾರೆ ಹಾಕಿ ಮೀಟತೊಡಗಿದರು. ದೊಡ್ಡಜ್ಜಿಗೆ ತಡೆಯಲಾಗಲಿಲ್ಲ.

“ಮೀಟ್‌ಬ್ಯಾಡ್ರಪ್ಪೋ, ಸೀಳ್ತದೆ! ಎಡಗಡೇದು ಮೊದ್ಲು ಮ್ಯಾಕೆ ಎತ್ತಿ, ಅದು ಹಗೂರ. ಆಂ, ಅಂಗೆ.”

ತನ್ನ ಮನೆಯ ಬಾಗಿಲನ್ನು ಹೇಗೆ ಕೀಳಬೇಕೆಂದು ತಾನೇ ಹೇಳಿಕೊಟ್ಟಳು. ಒಳಗಿನಿಂದ ಚಿಕ್ಕಜ್ಜಿ ಕೇಳುತ್ತಲೇ ಇದ್ದಳು, “ಆಯ್ತಾ ಅಕ್ಕ? ಹೋಯ್ತಾ?” ಎರಡನೆಯ ಹಲಗೆ ಇಳಿದಾಗ, ನಾನು ಎಂದೂ ಕಂಡಿರದಷ್ಟು ಬೆಳಕು ಆ ಮನೆಯೊಳಗೆ ಬಿತ್ತು. ಹಿಂದಿನ ಗೋಡೆಯವರೆಗೂ ಕಾಣುತ್ತಿತ್ತು: ಮಡಕೆ, ಈಚಲು ಚಾಪೆ, ಎಲೆಯ ರಾಶಿ, ಮೊಣಕಾಲು ಅಪ್ಪಿಕೊಂಡು ಕೂತ ಚಿಕ್ಕಜ್ಜಿ. ಬೀದಿಯಲ್ಲಿ ಹೋಗುವ ಯಾರಿಗಾದರೂ ಕಾಣುವಂತೆ.

ಪಾವಗಡದಿಂದ ತಿರುಗಿ ಬಂದ ಬಸ್ಸಿನ ಮೇಲೆ ಬಾಗಿಲು ಹತ್ತಿತು. ಅಮೀನ ಚಿಲ್ಲರೆ ಚಾಚಿದ. “ಜೊತೆ ಹಲಗೆ. ಒಂದೇ ಲಗೇಜು ಅಂತ ಹರಿ.” ನಾನು ಲಗೇಜು ಟಿಕೇಟು ಹರಿದೆ. ಒಂದು ಅಡ್ಡಾದಿಡ್ಡಿ ಹರಿದು ಹಾಳಾಯಿತು, ಇನ್ನೊಂದು ಹರಿದೆ. ಹಾಳಾದದ್ದರ ದುಡ್ಡು ನನ್ನ ತಲೆಯ ಮೇಲೆ. ಮುಂದಿನ ಸ್ಟಾಪಿನಲ್ಲಿ ಹತ್ತಿದವರು ಮೇಲೆ ನೋಡಿ, “ಯಾರಾನ ಹೊಸ ಮನೆ ಕಟ್ತಾವ್ರೇನ್ಲಾ?” ಅಂದರು.

“ಊಂ,” ಅಂದೆ.

“ಏನ್ಲಾ ಕೋಡಂಗಿ, ಇವತ್ತು ಬಾಯಿಗೆ ಬೀಗ? ಆ ಅಮೀನಪ್ಪನ ಕೆಮ್ಮು ಒಸಿ ಮಾಡಿ ತೋರ್ಸೋ!” ಎಂದ ಹಿಂದಿನ ಸೀಟಿನವನೊಬ್ಬ.

ಅಮೀನ ಮುಂದಿನ ಸೀಟಿನಲ್ಲೇ ಕೊಡೆ ಹಿಡಿದು ಕೂತಿದ್ದ. ನಾನು ಚಿಲ್ಲರೆ ಎಣಿಸುವವನಂತೆ ನಟಿಸಿದೆ. ಅದೂ ಅಣಕವೇ, ಚೀಲದಲ್ಲಿ ಎಣಿಸುವಷ್ಟು ಚಿಲ್ಲರೆ ಇರಲಿಲ್ಲ. ಮಧುಗಿರಿಯಲ್ಲಿ ಇಳಿಯುವಾಗ ಅಮೀನ ಕೆಮ್ಮಿದ. ಬೇರೆಲ್ಲೋ ನೋಡುತ್ತಾ ಅಂದ: “ಹರಾಜಿನಲ್ಲಿ ಬಾಕೀದಾರರು ಕೂಗೋ ಹಂಗಿಲ್ಲ. ಬ್ಯಾರೆಯೋರು ಯಾರು ಬೇಕಾದ್ರೂ ಕೂಗ್ಬೋದು. ಬರೋ ಸೋಮವಾರ.”

ಆ ದಿನಗಳಲ್ಲಿ ಅಜ್ಜಿಯರ ಬಾಗಿಲಿನ ಜಾಗದಲ್ಲಿ ಒಂದು ಗೋಣಿತಾಟು ತೂಗಾಡುತ್ತಿತ್ತು. ಊರವರು ಕೇಳಿದರೆ ದೊಡ್ಡಜ್ಜಿ, “ಗೆದ್ಲು ಹಿಡಿದಿತ್ತು, ರಿಪೇರಿಗೆ ಕೊಟ್ಟಿದ್ದೀವಿ,” ಅನ್ನುತ್ತಿದ್ದಳು. ಗುಡ್ಡಕ್ಕೆ ಎಲೆಗೂ ಹೋಗಲಿಲ್ಲ. ಚಿಕ್ಕಜ್ಜಿ ಒಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ. ಹೊಸ ಎಲೆ ಇಲ್ಲ, ಮುಯ್ಯಿಯ ಎಲೆ ಮಾರುವಂತಿಲ್ಲ, ಹಿಟ್ಟೂ ಇಲ್ಲ. ನಮ್ಮಮ್ಮ ಮುದ್ದೆ ಕಳಿಸಿದರೆ, “ನಮ್ದು ಆಗೈತೆ,” ಎಂದು ವಾಪಸು ಬರುತ್ತಿತ್ತು.

ಸೋಮವಾರ ಹರಾಜಿನ ಅಂಗಳದಲ್ಲಿ ಹಂಡೆ, ಕೊಳಗ, ಒಂದು ಮೂಕಿ ಮುರಿದ ಗಾಡಿ, ಅವುಗಳ ನಡುವೆ ನಮ್ಮ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ನಾನು ಮುಂಗಡದ ದುಡ್ಡನ್ನು ಜೇಬಿನಲ್ಲೇ ಹಿಸುಕುತ್ತಾ ನಿಂತೆ. ಮೊದಲ ಕೂಗು ನನ್ನದು. ಯಾರೂ ಮೇಲೆ ಕೂಗಲಿಲ್ಲ. ಒಂದು ಸಲ ಎಂದ ಅಮೀನ. ಎರಡು ಸಲ ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಏರಿಸಿತು. ತಿರುಗಿದರೆ ಕಲಾಯಿ ಸಾಬರು! ಹರಾಜಿನ ಪಾತ್ರೆ ಕೊಳ್ಳಲು ಬಂದವರಿಗೆ ಹೊನ್ನೆ ಮರ ಕಣ್ಣಿಗೆ ಬಿದ್ದಿತ್ತು. ಯಾರ ಮನೆಯದು ಎಂದು ತಿಳಿದಿರಲಿಲ್ಲ. ನಾನು ಏರಿಸಿದೆ. ಅವರೂ ಏರಿಸಿದರು. ಮತ್ತೆ ಏರಿಸಿದೆ, ಅದು ನನ್ನ ಜೇಬಿನ ತಳ. ಅವರು ನನ್ನತ್ತ ನೋಡಿ ನಕ್ಕು, ಹುಡುಗಾಟ ಎಂದುಕೊಂಡು, ಮತ್ತೆ ಬಾಯಿ ತೆರೆದರು.

ಯಾರಿಗೂ ಹೇಳಬೇಡ ಎಂದಿದ್ದಳು ದೊಡ್ಡಜ್ಜಿ. ಆದರೆ ಆ ಹೊತ್ತಿಗೆ ನನ್ನ ಗಂಟಲಿಂದ ಬಂದವಳು ಅವಳೇ:

“ಸಾಬಣ್ಣಾ, ನಮ್ಮನೇಲಿ ಉಂಡ ಕೈ ಇನ್ನೂ ಒಣಗಿಲ್ಲ, ನಮ್ ಬಾಗ್ಲೇ ಬೇಕಾಯ್ತೇನಪ್ಪ ನಿಂಗೆ?”

ಸಾಬರು ತೆರೆದ ಬಾಯಲ್ಲೇ ಸುತ್ತ ನೋಡಿದರು, ಅಜ್ಜಿ ಎಲ್ಲಿ ಎಂದು. ಬಾಗಿಲನ್ನು ನೋಡಿದರು. ನನ್ನ ಮುಖ ನೋಡಿದರು. ಅಲ್ಲಿ ತಮಾಷೆ ಇರಲಿಲ್ಲ.

“ಯಾ ಅಲ್ಲಾ. ಆ ಅಜ್ಜೀದಾ?” ಹಿಂದಕ್ಕೆ ಸರಿಯುತ್ತಾ ಎರಡೂ ಕೈ ಎತ್ತಿದರು. “ನಂಗೆ ಬ್ಯಾಡ, ನಂಗೆ ಬ್ಯಾಡ.”

ಅಮೀನ ಉಸಿರೂ ತೆಗೆದುಕೊಳ್ಳದೆ ಮೂರು ಸಲ ಎಂದುಬಿಟ್ಟ. ಬಾಗಿಲು ನನ್ನ ಹೆಸರಿಗೆ ಬಂತು. ಬಸ್ಸಿನ ಮೇಲೆ ಎತ್ತುವಾಗ ಇನ್ನೊಂದು ತುದಿ ಹಿಡಿದವರು ಸಾಬರೇ. “ಮೊದ್ಲೇ ಹೇಳ್ಬಾರ್ದಿತ್ತಾ ಬೇಟಾ? ಚೊಂಬು ತರೋ ಬದ್ಲು...” ಅಂದು ನಿಲ್ಲಿಸಿದರು. ಚೊಂಬಿನ ಬದಲು ದುಡ್ಡು ತಂದಿದ್ದರೆ ಅಜ್ಜಿ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು.

ಊರಿಗೆ ಬಾಗಿಲು ತಂದಾಗ ಚಿಕ್ಕಜ್ಜಿ ತಡವುತ್ತಾ ಬಂದು ಹಲಗೆ ಮುಟ್ಟಿದಳು. ಅಗಳಿಯನ್ನು ಹುಡುಕಿ ಹಿಡಿದಳು. ಅವಳ ಮುಖ ನೋಡಿ ನಾನು ಅಂಗಿಯ ತೋಳು ಮಡಿಚಿದೆ, ಈಗಲೇ ತಿರುಗುಣಿಗೆ ಕೂರಿಸುತ್ತೇನೆ ಎಂದು. ದೊಡ್ಡಜ್ಜಿ ತಡೆದಳು.

“ಬಾಕಿ ತೀರ್ತಾ?”

“ಇಲ್ಲಜ್ಜಿ. ಹರಾಜಿನ ದುಡ್ಡು ಅದ್ರಲ್ಲಿ ಕಳೀತಾರೆ. ಮಿಕ್ಕಿದ್ದು ಹಂಗೇ ಐತೆ.”

“ಹಂಗಾರೆ ತಗ್ಲಾಕುದ್ರೆ ತಿರ್ಗಾ ಬತ್ತಾನೆ.”

“...ಬತ್ತಾನೆ.”

“ಯಾರ ಹೆಸ್ರಲ್ಲಿ ಕೂಗ್ದೆ?”

“ನನ್ನ ಹೆಸ್ರಲ್ಲಿ.”

“ಹಂಗಾರೆ ನಿನ್ ಬಾಗ್ಲು. ನಿಲ್ಸುದ್ರೆ ಈ ಮನೇದಾಯ್ತದೆ. ಒಳೀಕೆ ಮಲಗ್ಸು.”

ಎಷ್ಟು ಹೇಳಿದರೂ ಕೇಳಲಿಲ್ಲ. ಬಾಗಿಲು ಮತ್ತೊಮ್ಮೆ ಹೋಗುವುದನ್ನು ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಹೋಗುವಂತಿಲ್ಲದ ಕಡೆ ಇಟ್ಟುಬಿಟ್ಟಳು. ನಾಲ್ಕು ಕಲ್ಲಿಟ್ಟು ಎರಡು ಹಲಗೆಯನ್ನೂ ಅಕ್ಕಪಕ್ಕ ಒಳಗೆ ಹಾಸಿದೆ. ಬಾಗಿಲಿನ ಜಾಗದಲ್ಲಿ ಗೋಣಿತಾಟು ಹಾಗೇ ಉಳಿಯಿತು. ಮಧ್ಯಾಹ್ನ ಇಬ್ಬರೂ ಹಲಗೆಗೊಬ್ಬರಂತೆ ಮಲಗುತ್ತಿದ್ದರು, ನನ್ನ ಕಡೆ ಮೊಳೆ ಚುಚ್ಚುತ್ತೆ, ನಿನ್ನ ಕಡೆ ನುಣ್ಣಗಿದೆ ಎಂದು ಕಿತ್ತಾಡುತ್ತಾ.

ಆಷಾಢದ ಗಾಳಿ ಶುರುವಾಯಿತು. ಗೋಣಿತಾಟು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಅದು ಅಲುಗಿದಾಗಲೆಲ್ಲ ಚಿಕ್ಕಜ್ಜಿ ಬೆಚ್ಚಿಬಿದ್ದು, “ಯಾರು?” ಅನ್ನುತ್ತಿದ್ದಳು. ಗಾಳಿ ಉತ್ತರ ಕೊಡುತ್ತಿರಲಿಲ್ಲ, ನಾಯಿ ಕೊಡುತ್ತಿರಲಿಲ್ಲ. ದೊಡ್ಡಜ್ಜಿ ಕೊನೆಗೂ ಗುಡ್ಡಕ್ಕೆ ಹೋಗಲು ಶುರುಮಾಡಿದ್ದಳು, ಹೊಟ್ಟೆ ಕೇಳಬೇಕಲ್ಲ. ಚಿಕ್ಕಜ್ಜಿ ಹಲಗೆಯ ಮೇಲೆ ಒಬ್ಬಳೇ ಕೂತು, ಕೈಯಲ್ಲಿ ಎಲೆಯ ಕಡ್ಡಿ ಈಟಿಯಂತೆ ಹಿಡಿದಿರುತ್ತಿದ್ದಳು.

ಬಸ್ಸು ನಿಂತ ಹೊತ್ತಿನಲ್ಲಿ ಓಡಿ ಹೋಗಿ ತಾಟು ಸರಿಸುತ್ತಿದ್ದೆ.

“ಯಾರು?”

“ನಾನು ಕಣಜ್ಜಿ.”

“ನಾನು ಅಂದ್ರೆ?”

“ನಾನೇ, ಕೋಡಂಗಿ.”

ಅವಳು ಕಡ್ಡಿ ಇಳಿಸುತ್ತಿರಲಿಲ್ಲ. “ಅವ್ನ ದನಿ ಯಾರ್ ಬೇಕಾದ್ರೂ ತೆಗೀಬೋದು. ಅವ್ನೇ ಎಲ್ರ ದನೀನೂ ತೆಗಿಯಲ್ವಾ? ಕೈ ಕೊಡಿಲ್ಲಿ.”

ನಾನು ಹತ್ತಿರ ಹೋಗಿ ಕೈ ಕೊಡುತ್ತಿದ್ದೆ. ಟಿಕೇಟು ಹರಿದು ಹರಿದು ಒರಟಾದ ಹೆಬ್ಬೆರಳನ್ನು ಅವಳು ಎಲೆ ಸವರುವಂತೆ ನಿಧಾನವಾಗಿ ಸವರಿ ನೋಡುತ್ತಿದ್ದಳು. ಹೊರಗೆ ಡ್ರೈವರು ಹಾರನ್ನು ಹೊಡೆಯುತ್ತಿದ್ದ. ಅವಳಿಗೆ ನಂಬಿಕೆ ಬರುವವರೆಗೆ ನಾನು ಕೈ ಎಳೆದುಕೊಳ್ಳುತ್ತಿರಲಿಲ್ಲ.